'22ಕ್ಕೇ ಗೆದ್ದಳು' ಎಂದು ಬರೆಯುವ ಮುನ್ನ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಒಪೆರಾ (ಹಾಡಿನಲ್ಲೇ ನಡೆಯುವ ಪಾಶ್ಚಾತ್ಯ ನಾಟಕ) ಹಾಡುವ ಯುವಕ ಯುವತಿಯರ ಬಗ್ಗೆ ಬಂದ ಬರಹವನ್ನು ಎರಡು ಸಲ ಓದಿದೆ. ಈ ವಿಷಯಕ್ಕೆ ಕನ್ನಡದ ಪತ್ರಿಕೆಯಲ್ಲಿ ಅರ್ಧ ಪುಟ ಸಿಗುವುದೇ ಅಪರೂಪ. ಹಾಗಾಗಿ ಮೊದಲು ಖುಷಿಯೇ ಆಯಿತು. ಆದರೆ ತಲೆಬರಹದಲ್ಲಿದ್ದ '22ಕ್ಕೇ' ಎಂಬ ಒಂದು ಪದ ಅವತ್ತಿನಿಂದ ನನ್ನನ್ನು ಕೊರೆಯುತ್ತಿದೆ. ಬರಹದ ಉದ್ದಕ್ಕೂ ಅದೇ ಧಾಟಿ. ಇವಳು 22ಕ್ಕೇ ಗೆದ್ದಳು, ಅವನು 24ಕ್ಕೇ ದೊಡ್ಡ ಪಾತ್ರ ಹಾಡಿದ, ಇನ್ನೊಬ್ಬಳು ಓದು ಮುಗಿಯುವ ಮುಂಚೆಯೇ ಕಾಂಟ್ರ್ಯಾಕ್ಟ್‌ಗೆ ಸಹಿ ಹಾಕಿದಳು. ಎಲ್ಲ ಕಡೆಯೂ ಬೇಗ ಆದದ್ದಕ್ಕೇ ಹೊಗಳಿಕೆ.

ನಾನು ಗಾಯಕಿ ಅಲ್ಲ. ಹಾಡುವವರ ಜೊತೆ ಪಿಯಾನೊ ನುಡಿಸುವವಳು. 19 ವರ್ಷಗಳಿಂದ ಇದೇ ಕೆಲಸ. ಪಾತ್ರ ಕಲಿಯುವಾಗ ಅವರಿಗೆ ಆರ್ಕೆಸ್ಟ್ರಾ ಸಿಗುವುದಿಲ್ಲ, ಅದರ ಬದಲು ನಾನಿರುತ್ತೇನೆ. ಆಡಿಷನ್ ದಿನವೂ ನಾನೇ. ಬೆಳಿಗ್ಗೆ ಹತ್ತಕ್ಕೆ ಕೂತರೆ ಸಂಜೆ ಏಳುವಷ್ಟರಲ್ಲಿ ಮೂವತ್ತು ಮಂದಿಗೆ ನುಡಿಸಿರುತ್ತೇನೆ. ಗೆದ್ದವರನ್ನು ನೋಡಿದ್ದೇನೆ. ಗೆದ್ದು ಐದು ವರ್ಷಕ್ಕೆ ಕಾಣೆಯಾದವರನ್ನೂ ನೋಡಿದ್ದೇನೆ. ಅದಕ್ಕೇ ಈ ಪತ್ರ.

ಆಡಿಷನ್ ಎಂದರೆ ಏನು ಎಂದು ನಿಮ್ಮ ಬರಹದಲ್ಲಿ ಒಂದು ಸಾಲೂ ಇಲ್ಲ. ಸಾಮಾನ್ಯವಾಗಿ ಐದು ಏರಿಯಾ (ಒಪೆರಾದಲ್ಲಿ ಒಬ್ಬರೇ ಹಾಡುವ ಹಾಡು) ಸಿದ್ಧ ಮಾಡಿಕೊಂಡು ಬರುತ್ತಾರೆ. ಇಟಾಲಿಯನ್, ಜರ್ಮನ್, ಫ್ರೆಂಚ್ ಮೂರೂ ಭಾಷೆ ಇದ್ದರೆ ಒಳ್ಳೆಯದು, ಮೊಜಾರ್ಟ್ ಬರೆದದ್ದು ಒಂದಾದರೂ ಇರಬೇಕು. ಮೊದಲ ಏರಿಯಾವನ್ನು ಹಾಡುವವರೇ ಆರಿಸಿಕೊಳ್ಳುತ್ತಾರೆ. ಎರಡನೆಯದನ್ನು ಎದುರಿಗೆ ಕತ್ತಲಲ್ಲಿ ಕೂತವರು ಕೇಳುತ್ತಾರೆ, ಕೇಳಿದರೆ. ಎಷ್ಟೋ ಸಲ ಕೇಳುವುದಿಲ್ಲ. 'ಥ್ಯಾಂಕ್ಯೂ' ಎಂದು ಒಂದು ದನಿ ಬರುತ್ತದೆ, ಅಲ್ಲಿಗೆ ಮುಗಿಯಿತು. ಎಲ್ಲ ಸೇರಿ ಏಳೆಂಟು ನಿಮಿಷ. ಅದಕ್ಕಾಗಿ ರಾತ್ರಿಯೆಲ್ಲ ರೈಲಿನಲ್ಲಿ ಕೂತು ಬಂದಿರುತ್ತಾರೆ, ಕೈಯಿಂದ ದುಡ್ಡು ಹಾಕಿ.

ಆ ಏಳೆಂಟು ನಿಮಿಷಕ್ಕೆ ಮುಂಚೆ ಅವರು ತಮ್ಮ ಫೈಲನ್ನು ನನ್ನ ಮುಂದೆ ಇಡುತ್ತಾರೆ. ಫೈಲ್ ನೋಡಿದರೇ ನನಗೆ ಅರ್ಧ ಗೊತ್ತಾಗುತ್ತದೆ. ಹಾಳೆಗಳನ್ನು ಬೆನ್ನಿಗೆ ಬೆನ್ನು ಅಂಟಿಸಿ, ನಾನು ಪುಟ ತಿರುಗಿಸಲು ಕಷ್ಟಪಡದ ಹಾಗೆ ಜೋಡಿಸಿರುತ್ತಾರೆ. ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಪೆನ್ಸಿಲ್‌ನಲ್ಲಿ ಒಂದು ಪುಟ್ಟ ಅಲ್ಪವಿರಾಮ. ಬಿಡಬೇಕಾದ ಭಾಗಕ್ಕೆ ದಪ್ಪ ಗೆರೆ. ಆಮೇಲೆ ಬಗ್ಗಿ ನನ್ನ ಕಿವಿಯ ಹತ್ತಿರ ಒಂದು ಸಾಲು ಗುನುಗಿ ಇಷ್ಟು ವೇಗ ಎನ್ನುತ್ತಾರೆ. ಎದೆ ಹೊಡೆದುಕೊಳ್ಳುವಾಗ ಬಹಳ ಮಂದಿ ತಮಗೆ ಬೇಕಾದ್ದಕ್ಕಿಂತ ವೇಗವಾಗಿ ಗುನುಗುತ್ತಾರೆ. ಅದು ಗೊತ್ತಿರುವುದರಿಂದ ನಾನು ಒಂದು ಎಳೆ ನಿಧಾನಕ್ಕೇ ಶುರು ಮಾಡುತ್ತೇನೆ. ಮೊದಲ ಉಸಿರು ನೆಮ್ಮದಿಯಾಗಿ ಸಿಕ್ಕರೆ ಮುಂದಿನದು ತಾನಾಗಿ ಬರುತ್ತದೆ.

ಹಾಗೆ ನನ್ನ ಮುಂದೆ ಫೈಲ್ ಇಟ್ಟವರಲ್ಲಿ ಒಬ್ಬಳ ಕಥೆ ಹೇಳಬೇಕು. ಹೆಸರು ಬೇಡ. ಮೆಝೊ ಸೊಪ್ರಾನೊ, ಅಂದರೆ ಹೆಂಗಸರ ನಡುಮಟ್ಟದ ದನಿ. ನನ್ನ ಹತ್ತಿರ ಮೊದಲು ಬಂದಾಗ ಅವಳಿಗೆ 23. ಫೈಲಿನ ಮೊದಲ ಪುಟದಲ್ಲೇ ಇಟಲಿಯ ಸಂಗೀತಕಾರ ವರ್ದಿಯ 'ಡಾನ್ ಕಾರ್ಲೋಸ್' ಒಪೆರಾದ ಎಬೋಲಿ ಎಂಬ ಪಾತ್ರದ ಏರಿಯಾ ಇತ್ತು. ಒಪೆರಾ ಬಲ್ಲವರಿಗೆ ಇಷ್ಟು ಹೇಳಿದರೆ ಸಾಕು. ಉಳಿದವರಿಗೆ ಹೇಳುತ್ತೇನೆ. ಅದು ಸಿಟ್ಟು, ಪಶ್ಚಾತ್ತಾಪ, ಕೂಗು ಎಲ್ಲ ಸೇರಿದ ಹಾಡು. ಕೆಳಗಿನ ಸ್ವರಗಳಲ್ಲಿ ಎದೆಯ ದನಿ ಬೇಕು, ಮೇಲಿನ ಸ್ವರಗಳನ್ನು ತುಂಬಿದ ಆರ್ಕೆಸ್ಟ್ರಾದ ಮೇಲೆ ಹಿಡಿದು ನಿಲ್ಲಿಸಬೇಕು. ಹತ್ತಾರು ವರ್ಷ ರಂಗದ ಮೇಲೆ ನಿಂತು ಗಟ್ಟಿಯಾದ ದನಿಗೆ ಬರೆದದ್ದು. ಅವಳು ಅದನ್ನು ಹಾಡಿದಳು, ಬೆರಗಾಗುವ ಹಾಗೆ ಹಾಡಿದಳು. ಅದರಿಂದಲೇ ಒಂದು ಸ್ಪರ್ಧೆಯಲ್ಲಿ ಬಹುಮಾನವೂ ಬಂತು. ಅಲ್ಲಿನ ಒಂದು ಪತ್ರಿಕೆ ಅವಳ ವಯಸ್ಸನ್ನೇ ತಲೆಬರಹ ಮಾಡಿತ್ತು, ನೀವು ಮಾಡಿದ ಹಾಗೆ.

ಆಮೇಲೆ ಎರಡು ವರ್ಷ ಎಲ್ಲ ಕಡೆಯಿಂದಲೂ ಅದನ್ನೇ ಕೇಳಿದರು. ಅವಳೂ ಹಾಡಿದಳು. ಬೇಡ ಅನ್ನಲು ಅವಳಿಗೆ ಧೈರ್ಯವಿರಲಿಲ್ಲ, ಇರುವುದೂ ಕಷ್ಟ ಅಲ್ವಾ? ಮನೆ ಬಾಡಿಗೆ ಕಟ್ಟಬೇಕು, ಪಾಠದ ಫೀಸು ಕೊಡಬೇಕು. ಬಂದ ಕರೆಯನ್ನು ಬಿಟ್ಟರೆ ಮತ್ತೆ ಬರುತ್ತದೋ ಇಲ್ಲವೋ.

ಮೊದಲು ಕೆಟ್ಟದ್ದು ಅವಳ ಸಣ್ಣ ದನಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಹೊರಗಿನವರಿಗೆ ಇದು ಕೇಳಿಸುವುದೇ ಇಲ್ಲ. ಜೋರಾಗಿ ಹಾಡಿದಾಗ ಎಲ್ಲ ಸರಿಯಾಗಿಯೇ ಇರುತ್ತದೆ. ಮೇಲಿನ ಸ್ವರವನ್ನು ತುಂಬ ಮೆಲ್ಲಗೆ, ಮಲಗಿದ ಮಗುವಿನ ಪಕ್ಕ ಹಾಡಿದಷ್ಟು ಮೆಲ್ಲಗೆ ಹಾಡಲು ಹೇಳಿ ನೋಡಿ. ಗಂಟಲೊಳಗಿನ ಧ್ವನಿತಂತುಗಳು ಊದಿಕೊಂಡಿದ್ದರೆ ಸ್ವರ ಕೂಡಲೇ ಹುಟ್ಟುವುದಿಲ್ಲ. ಮೊದಲು ಬರೀ ಗಾಳಿ ಬರುತ್ತದೆ, ಅದರ ಹಿಂದೆ ಸ್ವರ ಬರುತ್ತದೆ. ಅರೆಕ್ಷಣದ ವ್ಯತ್ಯಾಸ. ಒಂದು ಸಂಜೆ ಪಾಠದಲ್ಲಿ ನನಗೆ ಆ ಗಾಳಿ ಕೇಳಿಸಿತು. ನಾನು ಕೀಲಿಗಳ ಮೇಲಿಂದ ಕೈ ತೆಗೆದೆ. ಅವಳು ಏನಾಯಿತು ಎಂದು ಕೇಳಲಿಲ್ಲ. ಅವಳಿಗೂ ಗೊತ್ತಿತ್ತು. ನನಗೂ ಗೊತ್ತಾಗಿದೆ ಎಂದು ಆಗ ಗೊತ್ತಾಯಿತು ಅಷ್ಟೆ.

ವೈದ್ಯರು ಕ್ಯಾಮೆರಾ ಬಿಟ್ಟು ನೋಡಿದರು. ಧ್ವನಿತಂತುಗಳ ಮೇಲೆ ಎರಡು ಗಂಟು. ಮೂರು ವಾರ ಮಾತೇ ಆಡಬಾರದು, ಪಿಸುಮಾತೂ ಬೇಡ. ಆಮೇಲೆ ತಿಂಗಳುಗಟ್ಟಲೆ ಚಿಕಿತ್ಸೆ, ಹಾಡುವುದನ್ನು ಮತ್ತೆ ಮೊದಲಿನಿಂದ ಕಲಿಯುವುದು. ಅವಳಿಗಾಗ 26.

ಧ್ವನಿತಂತುಗಳು ಎಷ್ಟು ಚಿಕ್ಕವು ಎಂದು ನಿಮ್ಮ ಓದುಗರಿಗೆ ಗೊತ್ತಿರಲಿ. ಹೆಂಗಸರಲ್ಲಿ ಒಂದು ಸೆಂಟಿಮೀಟರಿನಿಂದ ಒಂದೂವರೆ ಸೆಂಟಿಮೀಟರ್‌ವರೆಗೆ, ಬೆರಳಿನ ಉಗುರಿನಷ್ಟು. ಆರ್ಕೆಸ್ಟ್ರಾ ಶ್ರುತಿ ಮಾಡಿಕೊಳ್ಳುವ ಸ್ವರವನ್ನು ಹಾಡಿದರೆ ಅವು ಸೆಕೆಂಡಿಗೆ 440 ಸಲ ಒಂದಕ್ಕೊಂದು ತಾಗುತ್ತವೆ. ಹೆಂಗಸರಲ್ಲೇ ಅತಿ ಎತ್ತರದ ದನಿಯಾದ ಸೊಪ್ರಾನೊಗಳ ಮೇಲಿನ 'ಸಿ' ಸ್ವರದಲ್ಲಿ ಸಾವಿರಕ್ಕೂ ಜಾಸ್ತಿ. ಮೈಕ್ ಇಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಸುಮಾರು 3,800 ಸೀಟುಗಳಿವೆ. ಕೊನೆಯ ಸೀಟಿಗೂ ಆ ಉಗುರಿನಷ್ಟು ಮಾಂಸದಿಂದಲೇ ಮುಟ್ಟಬೇಕು. ಅದು ಬಲದಿಂದ ಆಗುವುದಿಲ್ಲ. ಸ್ವೀಡನ್ನಿನ ಯೋಹಾನ್ ಸುಂಡ್‌ಬರಿ ಎಂಬ ವಿಜ್ಞಾನಿ ಇದನ್ನು ವಿವರಿಸಿದ್ದಾರೆ. ಆರ್ಕೆಸ್ಟ್ರಾದ ಸದ್ದು 500 ಹರ್ಟ್ಸ್ (ಸೆಕೆಂಡಿಗೆ 500 ಕಂಪನ) ಸುತ್ತಮುತ್ತ ಹೆಚ್ಚು, ಮೇಲೆ ಹೋದಂತೆ ಇಳಿಯುತ್ತದೆ. ಪಳಗಿದ ಗಾಯಕರು, ಅದರಲ್ಲೂ ಗಂಡಸರು, ಗಂಟಲಿನ ಆಕಾರ ತಿದ್ದಿಕೊಂಡು 3,000 ಹರ್ಟ್ಸ್ ಆಸುಪಾಸಿನಲ್ಲಿ ತಮ್ಮ ದನಿಯ ಹೊಳಪನ್ನು ಕೂಡಿಸುತ್ತಾರೆ. ಆರ್ಕೆಸ್ಟ್ರಾ ಬಿಟ್ಟ ಜಾಗದಲ್ಲಿ ದನಿ ನುಸುಳಿ ಹೋಗುತ್ತದೆ. ಈ ಆಕಾರ ಕೈಗೆ ಬರಲು ವರ್ಷಗಳು ಬೇಕು. ಅಷ್ಟರೊಳಗೆ ಭಾರದ ಪಾತ್ರ ಕೊಟ್ಟರೆ ಮಕ್ಕಳು ಏನು ಮಾಡುತ್ತಾರೆ? ಇರುವ ಬಲವನ್ನೆಲ್ಲ ಹಾಕಿ ತಳ್ಳುತ್ತಾರೆ. ತಳ್ಳಿದ್ದು ಆ ಎರಡು ಗಂಟುಗಳಾಗುತ್ತದೆ.

ಈಗ ತೊಂದರೆ ಎಲ್ಲಿದೆ ನೋಡಿ. ದನಿ ಮಾಗುವುದು ನಿಧಾನ, ಬಾಗಿಲು ಮುಚ್ಚುವುದು ಬೇಗ. ಮೆಟ್ರೊಪಾಲಿಟನ್ ಒಪೆರಾ 1954ರಿಂದ ನಡೆಸುತ್ತಿರುವ ಸ್ಪರ್ಧೆಗೆ ಮೂವತ್ತರ ಆಸುಪಾಸಿನವರೆಗೆ ಮಾತ್ರ ಸೇರಬಹುದು. ಬೇರೆ ದೊಡ್ಡ ಸ್ಪರ್ಧೆಗಳಲ್ಲೂ ಮೂವತ್ತೆರಡು ಮೂವತ್ತೈದರೊಳಗೆ ಬಾಗಿಲು ಹಾಕುತ್ತಾರೆ. ಒಪೆರಾ ಮನೆಗಳ ತರಬೇತಿ ಸ್ಟುಡಿಯೊಗಳಲ್ಲೂ ಹೆಚ್ಚುಕಡಿಮೆ ಇದೇ ಲೆಕ್ಕ. ಹಗುರ ಸೊಪ್ರಾನೊ 25ಕ್ಕೆ ರಂಗಕ್ಕೆ ಸಿದ್ಧಳಿರಬಹುದು. ಆದರೆ ಜರ್ಮನಿಯ ಸಂಗೀತಕಾರ ವ್ಯಾಗ್ನರ್ ಬರೆದದ್ದನ್ನು ಹಾಡಬೇಕಾದ ದನಿ, ವರ್ದಿಯ ಭಾರದ ಪಾತ್ರ ಹಾಡಬೇಕಾದ ದನಿ, ತಗ್ಗಿನ ಬಾಸ್ ದನಿ, ಇವು ಮೂವತ್ತು ದಾಟಿದ ಮೇಲೆಯೇ ತಮ್ಮ ನೆಲೆ ಕಂಡುಕೊಳ್ಳುವುದು. ದೊಡ್ಡ ದನಿ ಇಪ್ಪತ್ತೆರಡರಲ್ಲಿ ಒರಟಾಗಿ, ಹತೋಟಿ ತಪ್ಪಿದಂತೆ ಕೇಳಿಸುತ್ತದೆ. ಜೊತೆಗಿನ ಹಗುರ ದನಿಯವರು ಸಲೀಸಾಗಿ ಹಾಡಿ ಮುಂದೆ ಹೋಗುತ್ತಾರೆ. ದೊಡ್ಡ ದನಿಯವರು ಹಿಂದೆ ಉಳಿಯುತ್ತಾರೆ, ಇಲ್ಲವೇ ಅವಸರಕ್ಕೆ ಬಿದ್ದು ಗಂಟಲು ಕೆಡಿಸಿಕೊಳ್ಳುತ್ತಾರೆ.

ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಅವರನ್ನು ನೆನೆಸಿಕೊಳ್ಳಿ. ನಾರ್ವೆಯ ಗಾಯಕಿ. 1895ರಲ್ಲಿ ಹುಟ್ಟಿದರು, 1913ರಲ್ಲಿ ರಂಗಕ್ಕೆ ಬಂದರು. ಆಮೇಲೆ ಇಪ್ಪತ್ತು ವರ್ಷ ಹೆಚ್ಚುಕಡಿಮೆ ಸ್ಕ್ಯಾಂಡಿನೇವಿಯಾದಲ್ಲೇ ಹಾಡಿಕೊಂಡಿದ್ದರು, ಅಪೆರೆಟ್ಟಾ ಎಂಬ ಹಗುರ ಹಾಸ್ಯದ ಒಪೆರಾಗಳನ್ನೂ ಹಾಡಿದರು. 1935ರ ಫೆಬ್ರುವರಿ 2ರಂದು ಮೆಟ್ರೊಪಾಲಿಟನ್‌ನಲ್ಲಿ ವ್ಯಾಗ್ನರನ ಸೀಗ್ಲಿಂಡ ಪಾತ್ರ ಹಾಡಿದ ಮಧ್ಯಾಹ್ನ ಜಗತ್ತಿಗೆ ಅವರ ಹೆಸರು ಗೊತ್ತಾಯಿತು. ಆಗ ಅವರಿಗೆ 39. ಇವತ್ತಿನ ನಿಯಮದಲ್ಲಾದರೆ ಅವರು ಎಷ್ಟೋ ದೊಡ್ಡ ಸ್ಪರ್ಧೆಗಳ ಅರ್ಜಿಯನ್ನೇ ತುಂಬುವಂತಿರಲಿಲ್ಲ.

ಅಮೆರಿಕದ ಗಾಯಕಿ ಜೆಸ್ಸಿ ನಾರ್ಮನ್ ಅವರದು ಬೇರೆ ರೀತಿ. 1968ರಲ್ಲಿ ಮ್ಯೂನಿಕ್‌ನಲ್ಲಿ ಜರ್ಮನ್ ಪ್ರಸಾರ ಸಂಸ್ಥೆಗಳು ನಡೆಸುವ ಎಆರ್‌ಡಿ ಸಂಗೀತ ಸ್ಪರ್ಧೆ ಗೆದ್ದರು, ಮರುವರ್ಷವೇ ಬರ್ಲಿನ್‌ನಲ್ಲಿ ರಂಗಕ್ಕೆ ಬಂದರು. ಬೇಗನೇ ಬಂದರು, ನಿಜ. ಆದರೆ 1970ರ ದಶಕದ ನಡುವಿನಲ್ಲಿ, ಎಲ್ಲರೂ ಕರೆಯುತ್ತಿದ್ದ ಹೊತ್ತಿನಲ್ಲೇ, ಒಪೆರಾ ರಂಗದಿಂದ ಹಿಂದೆ ಸರಿದರು. ಕಛೇರಿಗಳಲ್ಲಿ ಮಾತ್ರ ಹಾಡುತ್ತಾ ದನಿ ತಾನಾಗಿ ಬೆಳೆಯಲು ಬಿಟ್ಟರು. 1980ರಲ್ಲಿ ಹ್ಯಾಂಬರ್ಗ್‌ನಲ್ಲಿ ಮತ್ತೆ ಒಪೆರಾಗೆ ಮರಳಿದರು. ನಿಮ್ಮ ಪುರವಣಿಯಲ್ಲಿ ಬರೆಯಲೇಬೇಕಾದ ಸುದ್ದಿ ಎಂದರೆ ಆ ಐದು ವರ್ಷ. ಆದರೆ ಒಪೆರಾ ಹಾಡದೇ ಇದ್ದ ವರ್ಷಗಳನ್ನು ಯಾರೂ ಸುದ್ದಿ ಮಾಡುವುದಿಲ್ಲ.

ಗಂಡಸರ ಮೇಲಿನ ದನಿಯಲ್ಲಿ ಹಾಡುವ ಇವತ್ತಿನ ಟೆನರ್‌ಗಳಲ್ಲಿ ಯೋನಾಸ್ ಕೌಫ್‌ಮನ್ ಹೆಸರು ಕೇಳದವರಿಲ್ಲ. ಓದು ಮುಗಿಸಿ 1994ರಲ್ಲಿ ಜರ್ಮನಿಯ ಸಾರ್‌ಬ್ರೂಕನ್ ಎಂಬ ಊರಿನ ಒಪೆರಾ ಮನೆಗೆ ಸೇರಿದರು. ಅಲ್ಲಿ ಒಂದು ಸಂಜೆ ವ್ಯಾಗ್ನರನ 'ಪಾರ್ಸಿಫಲ್'ನಲ್ಲಿ ಸಣ್ಣದೊಂದು ಪಾತ್ರ ಹಾಡುತ್ತಿದ್ದಾಗ ದನಿಯೇ ಕೈಕೊಟ್ಟಿತು. ಹೊಸ ಗುರುವಿನ ಹತ್ತಿರ ಹೋಗಿ ಹಾಡುವ ರೀತಿಯನ್ನೇ ಬದಲಿಸಿಕೊಂಡರು. ಮೆಟ್ರೊಪಾಲಿಟನ್‌ಗೆ ಬಂದದ್ದು 2006ರಲ್ಲಿ, 36ನೇ ವಯಸ್ಸಿಗೆ. ನಡುವಿನ ಹತ್ತು ವರ್ಷ ಅವರಿಗೆ ಸಿಕ್ಕಿತು. ಎಲ್ಲರಿಗೂ ಸಿಗುವುದಿಲ್ಲ.

ಎರಡನೇ ಸ್ಥಾನದ ಬಗ್ಗೆಯೂ ನಿಮ್ಮ ಬರಹದಲ್ಲಿ 'ಕೈ ತಪ್ಪಿದ ಅವಕಾಶ' ಎಂದು ಒಂದು ಮಾತಿದೆ. 1989ರಲ್ಲಿ ಬ್ರಿಟನ್ನಿನ ಕಾರ್ಡಿಫ್ ಗಾಯನ ಸ್ಪರ್ಧೆಯಲ್ಲಿ ದ್ಮಿತ್ರಿ ಹ್ವೊರೊಸ್ತೊವ್‌ಸ್ಕಿ ಗೆದ್ದರು, ಬ್ರಿನ್ ಟೆರ್ಫಲ್ ಅವರಿಗೆ ಒಪೆರಾ ಅಲ್ಲದ ಬಿಡಿಹಾಡುಗಳಿಗೆ ಕೊಡುವ ಬಹುಮಾನ ಮಾತ್ರ ಬಂತು. ಟೆರ್ಫಲ್ ಕೈಯಿಂದ ಏನು ತಪ್ಪಿತು ಹೇಳಿ? ಇಬ್ಬರೂ ಲೋಕ ಸುತ್ತಿದರು.

ಸಾರ್‌ಬ್ರೂಕನ್ ಎಂದೆನಲ್ಲ, ಜರ್ಮನಿಯ ಆ ವ್ಯವಸ್ಥೆಯ ಬಗ್ಗೆ ಬರೆಯದೆ ಯುವ ಗಾಯಕರ ಜೀವನದ ಬಗ್ಗೆ ಬರೆದಂತೆ ಆಗುವುದಿಲ್ಲ. ಅಲ್ಲಿ ಸುಮಾರು 80 ಒಪೆರಾ ಮನೆಗಳಿವೆ, ಬಹಳಷ್ಟು ಸಣ್ಣ ಊರುಗಳಲ್ಲಿ. ಜನರ ತೆರಿಗೆಯಿಂದ ನಡೆಯುತ್ತವೆ. ಪ್ರತಿ ಮನೆಗೂ ತನ್ನದೇ ಗಾಯಕರ ತಂಡ, ತಿಂಗಳ ಸಂಬಳ, ಆರೋಗ್ಯ ವಿಮೆ. ಇದನ್ನು 'ಫೆಸ್ಟ್' ಎನ್ನುತ್ತಾರೆ. ಹೊಸಬರು ಮಂಗಳವಾರ ಮೊಜಾರ್ಟ್ ಹಾಡಿ ಶುಕ್ರವಾರ ಅಪೆರೆಟ್ಟಾ ಹಾಡುತ್ತಾರೆ. ಮೂರು ಸಾಲಿನ ದಾಸಿ ಪಾತ್ರವನ್ನು ವರ್ಷಕ್ಕೆ ಇಪ್ಪತ್ತು ಸಲ ಮಾಡುತ್ತಾರೆ. ಐನೂರು, ಎಂಟುನೂರು ಸೀಟಿನ ಮನೆ, ಆರ್ಕೆಸ್ಟ್ರಾ ಸಣ್ಣದು. ತಪ್ಪು ಮಾಡಿದರೂ ಲೋಕ ಮುಳುಗುವುದಿಲ್ಲ, ಮರುದಿನ ತಿದ್ದಿಕೊಳ್ಳಬಹುದು. ದನಿ ಮಾಗಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಅಲ್ಲೂ ಕಷ್ಟವಿದೆ. ಕಾಂಟ್ರ್ಯಾಕ್ಟ್ ವರ್ಷಕ್ಕೋ ಎರಡು ವರ್ಷಕ್ಕೋ ಇರುತ್ತದೆ. ದಶಕಗಳಿಂದ ನಡೆದುಬಂದ ನಿಯಮದಂತೆ, ಮುಂದುವರಿಸುವುದಿಲ್ಲವಾದರೆ ಅಕ್ಟೋಬರ್ 31ರೊಳಗೆ ಹೇಳಬೇಕು. ಅಕ್ಟೋಬರ್ ಬಂತೆಂದರೆ ಕ್ಯಾಂಟೀನಿನಲ್ಲಿ ಮಾತು ಕಡಿಮೆಯಾಗುವುದನ್ನು ನಾನೇ ನೋಡಿದ್ದೇನೆ. ಒಂದೇ ಮನೆಯಲ್ಲಿ 15 ವರ್ಷ ಕಳೆದರೆ ಕೆಲಸ ಖಾಯಂ ಆಗುತ್ತದೆ. ಅದಕ್ಕೇ ಹದಿಮೂರು ಹದಿನಾಲ್ಕನೇ ವರ್ಷಕ್ಕೆ ಕೆಲಸದಿಂದ ಬಿಡಿಸಿ ಕಳುಹಿಸುವುದೂ ಉಂಟು. ಹಾಗೆ ಹೊರಬಿದ್ದ ಎಷ್ಟೋ ಮಂದಿ ಒಪೆರಾದ ಗುಂಪುಗಾನದ ತಂಡವಾದ ಕೋರಸ್‌ಗೆ ಸೇರಿ ನೆಮ್ಮದಿಯಾಗಿ ಹಾಡಿಕೊಂಡಿದ್ದಾರೆ. ಕೋರಸ್ ಸೇರುವುದನ್ನು ಸೋಲು ಎಂದು ನಿಮ್ಮ ಲೇಖಕರು ಬರೆದದ್ದು ನನಗೆ ತುಂಬ ನೋವಾಯಿತು. ಖಾಯಂ ಸಂಬಳ, ದಿನಾ ಸಂಗೀತ, ಮನೆಯಲ್ಲಿ ಮಕ್ಕಳ ಮುಖ ನೋಡುವ ಸಂಜೆಗಳು. ಅದು ಸೋಲು ಹೇಗಾಗುತ್ತದೆ?

ಅಮೆರಿಕದ ಕಡೆ ಹೀಗೆ ಸಂಬಳದ ತಂಡಗಳು ತೀರಾ ಕಡಿಮೆ. ಅಲ್ಲಿ ಯುವ ಕಲಾವಿದರ ತರಬೇತಿ ಕಾರ್ಯಕ್ರಮಗಳೇ ಮೆಟ್ಟಿಲು. ನ್ಯೂಮೆಕ್ಸಿಕೊದ ಸಾಂಟಾ ಫೆ ಒಪೆರಾ 1957ರಲ್ಲೇ ಇದನ್ನು ಶುರು ಮಾಡಿತು. ಹೊಸಬರು ಕೋರಸ್‌ನಲ್ಲಿ ಹಾಡುತ್ತಾ ಸಣ್ಣ ಪಾತ್ರ ಮಾಡುತ್ತಾ ಕಲಿಯುತ್ತಾರೆ. ಒಳ್ಳೆಯ ಕ್ರಮವೇ. ಆದರೆ ಇಂಥ ಎಷ್ಟೋ ಕಾರ್ಯಕ್ರಮಗಳಿಗೆ ಅರ್ಜಿ ಹಾಕಲೇ ಶುಲ್ಕ ಕಟ್ಟಬೇಕು. ಒಂದೊಂದು ಚಳಿಗಾಲದಲ್ಲಿ ಹತ್ತು ಹದಿನೈದು ಅರ್ಜಿ ಹಾಕುತ್ತಾರೆ. ರೆಕಾರ್ಡಿಂಗ್ ಕೇಳಿ, ಬೇಡ ಎಂದರೆ ಆ ದುಡ್ಡು ವಾಪಸ್ಸಿಲ್ಲ. ಬೇಸಿಗೆಯಲ್ಲಿ ಪಾತ್ರ ಕೊಡುತ್ತೇವೆ ಎಂದು ಹಾಡುವವರಿಂದಲೇ ಹಣ ತೆಗೆದುಕೊಳ್ಳುವ ಕಡೆಗಳೂ ಇವೆ. ದುಡ್ಡಿದ್ದವರ ಮಕ್ಕಳು ಹೆಚ್ಚು ಸಲ ಕೇಳಿಸಿಕೊಳ್ಳುತ್ತಾರೆ, ಇಲ್ಲದವರು ಕಡಿಮೆ. ದನಿಗೆ ಮನೆಯವರ ಆಸ್ತಿ ಗೊತ್ತಿರುವುದಿಲ್ಲವಲ್ಲ. ಇದಕ್ಕೆ ಎದುರಾಗಿ ಜರ್ಮನಿಯ ಸರ್ಕಾರಿ ಉದ್ಯೋಗ ಸಂಸ್ಥೆಯಲ್ಲಿ ಕಲಾವಿದರಿಗೆಂದೇ ಒಂದು ವಿಭಾಗವಿದೆ. ಅಲ್ಲಿ ಗಾಯಕರ ದನಿ ಕೇಳಿ ಒಪೆರಾ ಮನೆಗಳಿಗೆ ಶಿಫಾರಸು ಮಾಡುತ್ತಾರೆ, ಕಮಿಷನ್ ಇಲ್ಲ. ಅಂಥದ್ದು ಇನ್ನೂ ನಾಲ್ಕು ದೇಶದಲ್ಲಿದ್ದರೆ ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ಸಂಬಳವಿಲ್ಲದೆ ಕರೆದಲ್ಲಿ ಹೋಗಿ ಹಾಡುವವರ ಪಾಡನ್ನು ಕೊರೊನಾ ಕಾಲ ತೋರಿಸಿಕೊಟ್ಟಿತು. ಅವರಿಗೆ ಹಣ ಬರುವುದು ಹಾಡಿದ ಪ್ರದರ್ಶನಕ್ಕೆ. ವಾರಗಟ್ಟಲೆ ರಿಹರ್ಸಲ್ ಮಾಡಿ ಮೊದಲ ದಿನ ನೆಗಡಿ ಬಂದರೆ ಕೈ ಖಾಲಿ. 2020ರ ಮಾರ್ಚ್‌ನಲ್ಲಿ ಮುಚ್ಚಿದ ಮೆಟ್ರೊಪಾಲಿಟನ್ ಮತ್ತೆ ಬಾಗಿಲು ತೆರೆದದ್ದು 2021ರ ಸೆಪ್ಟೆಂಬರ್‌ನಲ್ಲಿ. ನನ್ನ ಹತ್ತಿರ ಬರುತ್ತಿದ್ದವರಲ್ಲಿ ಮೂವರು ಆ ಹೊತ್ತಿನಲ್ಲಿ ಹಾಡು ಬಿಟ್ಟರು. ಒಬ್ಬ ಒಳ್ಳೆಯ ಬ್ಯಾರಿಟೋನ್ (ಗಂಡಸರ ನಡುಮಟ್ಟದ ದನಿ), ಈಗ ಗೋದಾಮಿನ ಲೆಕ್ಕ ಬರೆಯುತ್ತಾನೆ. ಅವನ ಫೈಲ್ ಇನ್ನೂ ನನ್ನ ಕಪಾಟಿನಲ್ಲಿದೆ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೆ. ಮುಂದೆ ಇಂಥವರ ಬಗ್ಗೆ ಬರೆಯುವಾಗ ವಯಸ್ಸನ್ನು ತಲೆಬರಹಕ್ಕೆ ತರಬೇಡಿ. ಆ ಹುಡುಗಿ ಏನು ಹಾಡುತ್ತಿದ್ದಾಳೆ ಎಂದು ಕೇಳಿ. ಯಾವ ಪಾತ್ರವನ್ನು ಬೇಡ ಎಂದಳು ಎಂದು ಕೇಳಿ. ತಿಂಗಳಿಗೆ ಎಷ್ಟು ಪ್ರದರ್ಶನ, ರಿಹರ್ಸಲ್‌ಗೆ ದುಡ್ಡು ಕೊಡುತ್ತಾರಾ, ಹುಷಾರು ತಪ್ಪಿದರೆ ಏನು ಗತಿ ಎಂದು ಕೇಳಿ. ಇವು ಸುಮ್ನೆ ಕೇಳುವ ಪ್ರಶ್ನೆಗಳಲ್ಲ. ನಿಮ್ಮ ಪತ್ರಿಕೆ ಓದುವ ಯಾವುದೋ ಮನೆಯಲ್ಲಿ ಹಾಡಲೇಬೇಕು ಎಂದು ಹಟ ಹಿಡಿದ ಒಂದು ಮಗು ಇರುತ್ತದೆ. ಅಪ್ಪ ಅಮ್ಮ ನಿಮ್ಮ '22ಕ್ಕೇ' ಓದಿ, ನಮ್ಮವಳಿಗೆ ಆಗಲೇ 24 ಆಯಿತಲ್ಲ ಎಂದು ಹೌಹಾರುತ್ತಾರೆ. ಪಾಠ ಹೇಳುವವರ ಮೇಲೆ ಒತ್ತಡ ಬೀಳುತ್ತದೆ. ಅವರು ಭಾರದ ಏರಿಯಾ ಎತ್ತಿ ಕೈಗೆ ಕೊಡುತ್ತಾರೆ. ಅಲ್ಲಿಂದ ಮುಂದಿನದನ್ನು ನಾನು ಪಿಯಾನೊ ಮುಂದೆ ಕೂತು ಕೇಳಿದ್ದೇನೆ.

ಆ ಮೆಝೊಗೆ ಈಗ 31. ಗುಣವಾದ ಮೇಲೆ ಒಂದೂವರೆ ವರ್ಷ ಬರೀ ಮೊಜಾರ್ಟ್ ಹಾಡಿದಳು, ಅದೂ ಅರ್ಧ ದನಿಯಲ್ಲಿ. ಮೂರು ವರ್ಷದಿಂದ ಒಂದು ಮಧ್ಯಮ ಗಾತ್ರದ ಒಪೆರಾ ಮನೆಯ ತಂಡದಲ್ಲಿದ್ದಾಳೆ. ಹೆಚ್ಚಾಗಿ ಹುಡುಗರ ಪಾತ್ರ (ಒಪೆರಾದಲ್ಲಿ ಇವನ್ನು ಮೆಝೊಗಳು ಹಾಡುವುದುಂಟು), ಗೆಳತಿಯ ಪಾತ್ರ. ಪಾಠಕ್ಕೆ ಬಂದಾಗಲೆಲ್ಲ ಮೇಲಿನ ಸ್ವರವನ್ನು ಮೊದಲು ಮೆಲ್ಲಗೆ ಹಾಡಿಸುತ್ತೇನೆ. ಸ್ವರ ಕೂಡಲೇ ಹುಟ್ಟುತ್ತದೆ, ಮುಂದೆ ಗಾಳಿ ಇಲ್ಲ.

ಬರುವ ಮಂಗಳವಾರ ಅವಳಿಗೆ ಇನ್ನೊಂದು ಮನೆಯಲ್ಲಿ ಆಡಿಷನ್ ಇದೆ, ನಾನೇ ನುಡಿಸುತ್ತೇನೆ. ಅದೇ ಹಳೆಯ ಫೈಲ್. ಐದು ಏರಿಯಾಗಳ ಪಟ್ಟಿಯಲ್ಲಿ ಎಬೋಲಿ ಇಲ್ಲ. ಆದರೆ ಫೈಲಿನ ಕಟ್ಟಕಡೆಗೆ ಆ ಹಾಳೆಗಳು ಹಾಗೇ ಇವೆ, ಅಂಚು ಹಳದಿಯಾಗಿದೆ. ಇದನ್ನು ತೆಗೆದುಬಿಡಬಾರದಾ ಎಂದು ಮೊನ್ನೆ ಕೇಳಿದೆ. ಇರಲಿ, ನಲವತ್ತಕ್ಕೆ ಬೇಕಾಗುತ್ತೆ ಎಂದಳು.

ಇತಿ,
ನಿಮ್ಮ ಪತ್ರಿಕೆಯ ಓದುಗರಲ್ಲೊಬ್ಬಳು,
ಪಿಯಾನೊ ವಾದಕಿ